ಎಣ್ಣೆ ಅಂಗಡಿಯಲ್ಲಿದ್ದ ವಂಶಾವಳಿ

ಸೋಲ್‌ಗೋಲ್ ಊರಿನಲ್ಲಿ ಎಂಬತ್ತರ ಹತ್ತಿರದ, ವಂಶದ ಸಂಘದ ಜೇಗ್ಯು ಅಧ್ಯಕ್ಷರು ಅರವತ್ತೊಂದರ ಬುನಿಮಳನ್ನು ‘ಅತ್ತೆ’ ಎಂದು ಕರೆಯಬೇಕಿತ್ತು. ಇಲ್ಲಿ ವಯಸ್ಸಿನ ಮಾತು ನಡೆಯುವುದಿಲ್ಲ, ತಲೆಮಾರಿನದೇ ನಡೆಯುವುದು. ವಂಶದ ಮೂಲಪುರುಷನಿಂದ ಎಣಿಸಿಕೊಂಡು ಬಂದರೆ ಬುನಿಮ್ ಇಪ್ಪತ್ತೇಳನೆಯ ತಲೆ, ಜೇಗ್ಯು ಇಪ್ಪತ್ತೆಂಟನೆಯವರು. ಊರಿನ ಪುಟ್ಟ ಮಕ್ಕಳಿಗೂ ಇದು ಗೊತ್ತು. ಆದರೂ ಅಧ್ಯಕ್ಷರು ಇಪ್ಪತ್ತು ವರ್ಷದಿಂದ, ಸಂಘದ ಆಫೀಸಿನಲ್ಲಿ ಕೂರುವ ಅವಳನ್ನು ‘ಆಫೀಸಮ್ಮ’ ಎಂದೇ ಕರೆಯುತ್ತ ಬಂದವರು. ಒಮ್ಮೆ ಹಿರೀಕರ ಪೂಜೆ ಮುಗಿದ ಮೇಲೆ ಯಾರೋ ಈ ವಿಷಯ ಎತ್ತಿ ಅವರನ್ನು ಚುಚ್ಚಿದರು. ಅಧ್ಯಕ್ಷರು ಅಕ್ಕಿ ಹೆಂಡದ ಬಟ್ಟಲನ್ನು ಕೆಳಗಿಟ್ಟು, “ಕರೀತೀನಪ್ಪ, ಯಾರು ಬೇಡ ಅಂದ್ರು? ವಂಶಾವಳೀಲಿ ಅವಳ ಹೆಸರೆಲ್ಲಿದೆ ತೋರ್ಸು, ಆಮೇಲೆ ಕರೀತೀನಿ” ಅಂದರು.

ಹೆಸರು ಇರಲಿಲ್ಲ. ಅದು ಬುನಿಮಳಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯೂ ಆಗಿರಲಿಲ್ಲ, ಏಕೆಂದರೆ ಆ ಪುಟಕ್ಕೆ ಅಚ್ಚುಮೊಳೆ ಜೋಡಿಸಿದವಳು ಅವಳೇ.

ಹದಿನೇಳು ತುಂಬಿದಾಗ ಅವಳು ಜೊಂಜು ಪಟ್ಟಣದ ಒಂದು ಅಚ್ಚುಕೂಟಕ್ಕೆ ಸೇರಿದ್ದಳು. ಗೋಡೆ ತುಂಬ ಮರದ ಗೂಡುಗಳು, ಒಂದೊಂದರಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆಗಳು. ವಂಶಾವಳಿಗಳಿಗೆ ಬಳಸುವ ಚೀನೀ ಅಕ್ಷರಗಳೇ ಸಾವಿರಾರು. ಎಡಗೈಯಲ್ಲಿ ಹಸ್ತಪ್ರತಿ, ಬಲಗೈಯಲ್ಲಿ ಮೊಳೆ; ಕಣ್ಣು ಒಂದು ಕಡೆ, ಬೆರಳು ಇನ್ನೊಂದು ಕಡೆ. ಮೂರೇ ವರ್ಷದಲ್ಲಿ ಅವಳ ಕೈ ಎಷ್ಟು ಪಳಗಿತೆಂದರೆ, ತಲೆಕೆಳಗಾದ ಅಕ್ಷರವನ್ನು ನೆಟ್ಟಗಿನದಕ್ಕಿಂತ ಬೇಗ ಓದುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಆ ಗೂಡುಗಳಲ್ಲಿ ಎಲ್ಲಾ ಸಿಕ್ತು, ಗಂಡು ಮಾತ್ರ ಸಿಗ್ಲಿಲ್ಲ” ಎಂದು ನಕ್ಕು ಬಾಯಿ ಮುಚ್ಚಿಸುತ್ತಿದ್ದಳು.

ಆ ಅಚ್ಚುಕೂಟದ ಮೇಸ್ತ್ರಿಗೆ ಒಂದು ಹಟವಿತ್ತು. ಕಟ್ಟಿದ ಪ್ರತಿ ಪುಟದ ಕರಡು ಪ್ರತಿ ಮೂರು ತೆಗೆಯಬೇಕು. ಒಂದು ಅಚ್ಚುಕೂಟದಲ್ಲಿ, ಒಂದು ಮೇಸ್ತ್ರಿಯ ಮನೆಯಲ್ಲಿ, ಇನ್ನೊಂದು ಕೆಲಸಗಾರರಲ್ಲಿ ಯಾರದಾದರೂ ಮನೆಯಲ್ಲಿ. ಹುಡುಗಿಯರು ಗೊಣಗಿದರೆ ಮೇಸ್ತ್ರಿ ಹಳೆಯ ಕತೆ ತೆಗೆಯುತ್ತಿದ್ದ. ರಾಜರ ಚರಿತ್ರೆಯನ್ನು ಬರೆಸಿ ನಾಲ್ಕು ಊರುಗಳಲ್ಲಿ ಇಟ್ಟಿದ್ದರು. ನಾನೂರು ವರ್ಷದ ಹಿಂದೆ, ಇಮ್‌ಜಿನ್ ವರ್ಷ, ಜಪಾನಿನ ಸೈನ್ಯ ಬಂದಾಗ ಮೂರು ಹಾಳಾದವು. ಜೊಂಜುವಿನ ಪ್ರತಿಯನ್ನು ಮಾತ್ರ ಈ ಕಡೆಯ ಇಬ್ಬರು ಹಿರಿಯರು ಬೆಟ್ಟಕ್ಕೆ ಹೊತ್ತೊಯ್ದು ಕಾದರು. ನಮ್ಮ ಕಡೆಯವರಿಗೆ ಇದೇನು ಹೊಸ ಕತೆಯಲ್ಲ, ಹಾಲು ಕುಡಿಯುವಾಗಲೇ ಕೇಳಿರುತ್ತೇವೆ. ಆದರೆ ಮೇಸ್ತ್ರಿ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸುತ್ತಿದ್ದ: “ನಾಲ್ಕಿದ್ವು, ಒಂದು ಉಳೀತು. ಒಂದೇ ಇದ್ದಿದ್ರೆ?” ಬುನಿಮ್ ಆ ಪ್ರಶ್ನೆಯನ್ನು ಜೀವನಪೂರ್ತಿ ಮರೆಯಲಿಲ್ಲ.

ಅವಳ ಮೂವತ್ತನೆಯ ವಯಸ್ಸಿನಲ್ಲಿ ಅವಳದೇ ವಂಶದ ವಂಶಾವಳಿ ಆ ಅಚ್ಚುಕೂಟಕ್ಕೆ ಬಂತು. ಅಪ್ಪನ ಸಾಲು ಅವಳ ಕೈಗೇ ಬಿತ್ತು. ಅಪ್ಪನ ಹೆಸರು, ಅದರ ಕೆಳಗೆ ಇಬ್ಬರು ಅಣ್ಣಂದಿರ ಹೆಸರು. ತಂಗಿ ಮಲ್ಸುಕ್‌ಳ ಜಾಗದಲ್ಲಿ ‘ಮಗಳು’ ಎಂಬ ಒಂದೇ ಚೀನೀ ಅಕ್ಷರ, ಪಕ್ಕದಲ್ಲಿ ಅವಳ ಗಂಡನ ಹೆಸರು. ಹೆಣ್ಣುಮಕ್ಕಳನ್ನು ಬರೆಯುವ ಕ್ರಮವೇ ಅದು. ಮದುವೆಯಾಗದ ಬುನಿಮಳಿಗೆ ಬರೆದುಕೊಳ್ಳಲು ಗಂಡನೂ ಇರಲಿಲ್ಲ, ಆದ್ದರಿಂದ ಅವಳು ಅಲ್ಲಿ ಇರಲೇ ಇಲ್ಲ. ಒಂದೂ ಮೊಳೆ ಹೆಚ್ಚುಕಮ್ಮಿ ಮಾಡದೆ ಆ ಸಾಲನ್ನು ಕಟ್ಟಿ, ಗೂಡಿನ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಮುಂದಿನ ಪುಟ ಹಿಡಿದಳು.

ಸೀಸದ ಕಾಲ ಮುಗಿದು ಅಚ್ಚುಕೂಟ ಬಾಗಿಲು ಹಾಕಿತು. ಕಂಪ್ಯೂಟರಿನಲ್ಲಿ ಅಕ್ಷರ ಹೊಡೆಯುವುದನ್ನು ಕಲಿತಿದ್ದ ಬುನಿಮ್ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದಳು. ವಂಶದ ಸಂಘದವರು ಹಿರೀಕರ ಚಾವಡಿಯ ಪಕ್ಕದ ಕೋಣೆಯಲ್ಲಿ ಅವಳಿಗೊಂದು ಮೇಜು ಕೊಟ್ಟರು. ಹುಟ್ಟು, ಮದುವೆ, ಸಾವು ಬರೆದುಕೊಳ್ಳುವುದು ಅವಳ ಕೆಲಸ.

ಆರು ವರ್ಷದ ಹಿಂದೆ ಸಂಘದ ಸಭೆಯಲ್ಲಿ ದೊಡ್ಡ ಜಗಳ ನಡೆದು ಒಂದು ತೀರ್ಮಾನವಾಯಿತು: ಹೊಸ ವಂಶಾವಳಿಯಲ್ಲಿ ಹೆಣ್ಣುಮಕ್ಕಳನ್ನೂ ಅವರವರ ಹೆಸರಿನಲ್ಲೇ ಬರೆಯತಕ್ಕದ್ದು. ಜೇಗ್ಯು ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. ಕೈ ಎತ್ತಿದವರು ಹೆಚ್ಚಿದ್ದರಿಂದ ಸುಮ್ಮನಾದರು.

ಹೆಸರು ಹುಡುಕುವ ಕೆಲಸ ಬುನಿಮಳ ಪಾಲಿಗೆ ಬಂತು. ಮದುವೆಯಾಗಿ ದೇಶದ ಮೂಲೆಮೂಲೆಗೆ ಹೋದ ನಾಲ್ಕು ಸಾವಿರ ಹೆಣ್ಣುಮಕ್ಕಳು. ಒಬ್ಬರಿಂದ ಇನ್ನೊಬ್ಬರ ಫೋನ್ ನಂಬರ್ ಕೇಳಿ ಪಡೆದು, ಕುತ್ತಿಗೆ ಓರೆ ಮಾಡಿಕೊಂಡು ಮಾತಾಡಿ ಮಾತಾಡಿ ಅವಳ ಎಡಭುಜ ಸೋತುಹೋಯಿತು. ಒಮ್ಮೆ ಬುಸಾನಿನಲ್ಲಿದ್ದ ತೊಂಬತ್ತಮೂರರ ಒಬ್ಬ ಅಜ್ಜಿಗೆ ಫೋನ್ ಮಾಡಿ ಹೆಸರು ಕೇಳಿದಳು.

“ನನ್ನ ಹೆಸರಾ? ತಡಿ ಮಗಾ. ಎಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ,” ಅಂದಳು ಅಜ್ಜಿ. “ಗನ್ನನ್ ಅಂತಿದ್ರು. ಹಸುಗೂಸು ಅಂತ. ಬೇರೆ ಹೆಸರು ಇಡ್ಬೇಕು ಅನ್ನೋದು ಯಾರಿಗೂ ನೆನಪಾಗ್ಲಿಲ್ಲ. ಇದನ್ನೂ ಬರ್ಕೋತೀಯಾ?”

“ಬರ್ಕೊಂಡೆ ಅಜ್ಜಿ.”

“ಪುಸ್ತಕದಲ್ಲಿ?”

“ಪುಸ್ತಕದಲ್ಲೇ.”

ಮೂರು ತಿಂಗಳಿಗೆ ಗನ್ನನ್ ಅಜ್ಜಿ ತೀರಿಕೊಂಡಳು. ಅಂಥವರು ಒಬ್ಬಿಬ್ಬರಲ್ಲ. ಅವರನ್ನು ಇನ್ನೊಮ್ಮೆ ಕೇಳಲು ಆಗುವುದಿಲ್ಲ ಎಂಬುದು ಬುನಿಮಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಹಾಗಾಗಿ ಅವಳು ಮೇಸ್ತ್ರಿಯ ಕ್ರಮ ಹಿಡಿದಳು. ಮೂರು ಪುಟ್ಟ ಡಿಸ್ಕುಗಳನ್ನು ತಂದಳು. ಒಂದು ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತಿತ್ತು. ಒಂದು ಅವಳ ಮನೆಯಲ್ಲಿ. ಇನ್ನೊಂದು ಪೇಟೆಯ ಸಂತೆಬೀದಿಯಲ್ಲಿ ಎಳ್ಳೆಣ್ಣೆ ತೆಗೆಯುವ ತಂಗಿ ಮಲ್ಸುಕ್‌ಳ ಅಂಗಡಿಯಲ್ಲಿ. ನಮ್ಮ ಪೇಟೆಯ ಸಂತೆ ನಾಲ್ಕು ಮತ್ತು ಒಂಬತ್ತರಂದು. ನಾಲ್ಕು, ಒಂಬತ್ತು, ಹದಿನಾಲ್ಕು, ಹತ್ತೊಂಬತ್ತು ಎಂದು ತಿಂಗಳು ಪೂರ್ತಿ ಐದೈದು ದಿನಕ್ಕೊಮ್ಮೆ. ಪ್ರತಿ ಸಂತೆಯ ಬೆಳಿಗ್ಗೆ ಮನೆಯ ಡಿಸ್ಕನ್ನು ಆಫೀಸಿಗೆ ತಂದು ಅದರಲ್ಲಿ ಹೊಸ ನಕಲು ತುಂಬಿಸಿ, ಗನ್ನನ್ ಅಜ್ಜಿಯ ಪುಟ ತೆರೆದು ನೋಡುತ್ತಿದ್ದಳು. ಪುಟ ತೆರೆದುಕೊಂಡರೆ ನಕಲು ಸರಿಯಾಗಿದೆ ಎಂದರ್ಥ. ಆಮೇಲೆ ಡಿಸ್ಕನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಬಸ್ ಹತ್ತಿ, ತಂಗಿಗೆ ಕೊಟ್ಟು, ಅಲ್ಲಿದ್ದ ಹಳೆಯದನ್ನು ಮನೆಗೆ ತರುತ್ತಿದ್ದಳು. ಹುರಿದ ಕಡಲಪಾಚಿ ಹಾಳೆ ತುಂಬಿ ಬರುವ ಡಬ್ಬಿ ಅದು; ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣಗಳನ್ನೂ ಅವಳು ಎಸೆಯದೆ ಡಿಸ್ಕಿನ ಜೊತೆಗೇ ಇಡುತ್ತಿದ್ದಳು. ಮಳೆ, ಹಿಮ, ಜ್ವರ, ಯಾವುದಕ್ಕೂ ಇದು ತಪ್ಪಿದ್ದಿಲ್ಲ.

“ಅಕ್ಕಾ, ಜನ ಸಂತೆಗೆ ಮೀನು ತಗೊಳ್ಳೋಕೆ ಬರ್ತಾರೆ, ನೀನು ಡಬ್ಬಿಗೆ ಊರು ತೋರ್ಸೋಕೆ ಬರ್ತೀಯ,” ಎಂದು ಮಲ್ಸುಕ್ ರೇಗಿಸುತ್ತಿದ್ದಳು.

ಅಧ್ಯಕ್ಷರಂತೂ ಮೂಗು ಮುರಿಯುತ್ತಿದ್ದರು. “ಆಫೀಸಮ್ಮ, ಇದು ಹಿರೀಕರ ಚಾವಡಿ. ಇಪ್ಪತ್ತಾರು ತಲೆ ಹಿರೀಕರು ಇಲ್ಲಿ ಕಾವಲಿದ್ದಾರೆ. ಇಲ್ಲಿ ಏನಾಗುತ್ತೆ? ವಂಶಾವಳೀನ ಎಣ್ಣೆ ಅಂಗಡೀಲಿ ಇಡ್ತಾರಾ ಯಾರಾದ್ರೂ?”

ಪುಸ್ತಕ ಅಚ್ಚಾಗಬೇಕಿದ್ದ ವರ್ಷದ ಆಗಸ್ಟ್ ಹತ್ತೊಂಬತ್ತು, ಸಂತೆಯ ದಿನ. ತಿಂಗಳ ಕೊನೆಗೆ ಎಲ್ಲವನ್ನೂ ಮುದ್ರಣಕ್ಕೆ ಕೊಡಬೇಕಿತ್ತು. ಹತ್ತನೇ ತಿಂಗಳ ಹಿರೀಕರ ಪೂಜೆಯಲ್ಲಿ ಪುಸ್ತಕ ಹಂಚುವುದು ಎಂದು ಗೊತ್ತಾಗಿತ್ತು. ಬುನಿಮ್ ಮನೆಯ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನಕಲು ಮುಗಿಯುವುದರೊಳಗೆ ಎಳೆಮೂಲಂಗಿ ತೊಳೆದುಬಿಡೋಣ ಎಂದು ಅಂಗಳದ ನಲ್ಲಿಯ ಹತ್ತಿರ ಕೂತಳು. ಅಷ್ಟರಲ್ಲಿ ಅಧ್ಯಕ್ಷರು ಒಳಗೆ ಬಂದು ಪತ್ರ ನೋಡಲು ಕೂತರು. ಪರದೆಯ ಮೇಲೆ ಒಂದು ಇ-ಮೇಲ್: ಸಾವಿನ ಸುದ್ದಿ, ಅಂತ್ಯಕ್ರಿಯೆಯ ವಿವರಕ್ಕೆ ಇಲ್ಲಿ ಒತ್ತಿ.

ಬೇರೆ ಆಫೀಸಿನವರಾಗಿದ್ದರೆ ಯಾರ ಸಾವೋ ಏನೋ ಎಂದು ಅನುಮಾನಪಡುತ್ತಿದ್ದರು. ವಂಶದ ಆಫೀಸಿಗೆ ದಿನಕ್ಕೊಂದು ಸಾವಿನ ಸುದ್ದಿ ಬರುತ್ತದೆ, ಅದನ್ನು ಬರೆದುಕೊಳ್ಳಲೆಂದೇ ಆ ಆಫೀಸು ಇರುವುದು. ತೆರೆಯದೆ ಬಿಟ್ಟರೆ ಸತ್ತವರಿಗೆ ಅಪಚಾರ. ಅಧ್ಯಕ್ಷರು ಅಂಗಿಯ ಕೊರಳ ಗುಂಡಿ ಹಾಕಿಕೊಂಡು, ನೆಟ್ಟಗೆ ಕೂತು, ಗೌರವದಿಂದ ಒತ್ತಿದರು.

ಬುನಿಮ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಾಗ ಫೈಲುಗಳ ಹೆಸರುಗಳು ಒಂದೊಂದಾಗಿ ಬದಲಾಗುತ್ತಿದ್ದವು. ಹಿಂದೆಯೇ ಕೆಂಪು ಅಕ್ಷರದ ನೋಟೀಸು ಬಂತು: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬೀಗದ ಕೈ. ಅವಳು ಓಡಿಬಂದು ವೈರನ್ನೇ ಕಿತ್ತಳು. ತಡವಾಗಿತ್ತು. ಚುಚ್ಚಿಕೊಂಡಿದ್ದ ಎರಡು ಡಿಸ್ಕುಗಳೂ ಕಂಪ್ಯೂಟರಿನ ಜೊತೆಗೇ ಹೋಗಿದ್ದವು.

ಅಧ್ಯಕ್ಷರ ಮುಖ ಸುಣ್ಣದ ಗೋಡೆಯಾಗಿತ್ತು. “ಸಾವಿನ ಸುದ್ದಿ ಅಂತ ಇತ್ತು. ಸಾವಲ್ಲೂ ಸುಳ್ಳು ಹೇಳ್ತಾರಾ ಜನ?” ಅಂದರು. ಆಮೇಲೆ ಕುರ್ಚಿಯಿಂದ ಎದ್ದು, “ಹೋಗ್ಲಿ ಬಿಡು. ಹಳೇ ಪುಸ್ತಕ ಇದ್ದೇ ಇದೆ. ಆಮೇಲೆ ಹುಟ್ಟಿದ ಗಂಡುಮಕ್ಕಳನ್ನ ಸೇರ್ಸಿ ಅದನ್ನೇ ಮತ್ತೆ ಅಚ್ಚು ಹಾಕ್ಸೋಣ. ಪೂಜೆಗೆ ಪುಸ್ತಕ ಬೇಕಲ್ಲ,” ಅಂದರು.

ಹಳೇ ಪುಸ್ತಕ. ಅವಳೇ ಕಟ್ಟಿದ ಆ ಸಾಲು. ಹಾಗಾದರೆ ನಾಲ್ಕು ಸಾವಿರ ಹೆಣ್ಣುಮಕ್ಕಳು ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಗನ್ನನ್ ಅಜ್ಜಿ ಸತ್ತ ಮೇಲೂ ಇನ್ನೊಮ್ಮೆ ಹೆಸರಿಲ್ಲದವಳಾಗಬೇಕು.

“ಹಳೇದು ಬೇಡ ಅಧ್ಯಕ್ಷರೆ,” ಅಂದಳು. ಧ್ವನಿ ಏರಿಸಲಿಲ್ಲ. “ಇವತ್ತು ಸಂತೆ. ನಾನು ಎಣ್ಣೆ ಅಂಗಡಿಗೆ ಹೋಗ್ಬರ್ತೀನಿ. ನೀವು ಇದನ್ನ ಮುಟ್ಟಬೇಡಿ.”

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ. ಸಂತೆಬೀದಿಯಲ್ಲಿ ಎಳ್ಳು ಹುರಿದ ಗಮ ಮೂಗಿಗೆ ಬಡಿದಾಗ ಕಾಲು ತಾನಾಗಿ ಓಡಿತು. ಅಂಗಡಿಯ ಮೇಲಿನ ಹಲಗೆಯಲ್ಲಿ ಡಬ್ಬಿ ಇರಲಿಲ್ಲ.

“ಮಲ್ಸುಕ್, ಡಬ್ಬಿ ಎಲ್ಲಿ?”

“ಅಲ್ಲಿಟ್ರೆ ಹುರಿಯೋ ಬಾಣಲಿ ಕಾವು ತಾಗುತ್ತೆ ಅಂತ ಹೋದ ಸಂತೇಲಿ ನೀನೇ ಬೈದ್ಯಲ್ಲ. ಅಕ್ಕಿ ಪೆಟ್ಟಿಗೇಲಿ ಇಟ್ಟಿದೀನಿ,” ಅಂದಳು ಮಲ್ಸುಕ್, ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸುತ್ತ. ಅಕ್ಕನ ಮುಖ ನೋಡಿ ಅವಳ ನಗು ನಿಂತಿತು. “ಯಾಕೆ? ಏನಾಯ್ತು?”

ಬುನಿಮ್ ಅಕ್ಕಿಯೊಳಗೆ ಕೈ ಹಾಕಿ ಡಬ್ಬಿ ತೆಗೆದು ಎದೆಗೆ ಅವಚಿಕೊಂಡಳು.

ಆದರೆ ಅವಳು ಆತುರಪಡುವ ಹೆಂಗಸಲ್ಲ. ವೈರಸ್ ಇರುವ ಯಂತ್ರಕ್ಕೆ ಇದನ್ನೂ ಸಿಕ್ಕಿಸಿದರೆ ಕತೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಪೇಟೆಯ ಕಂಪ್ಯೂಟರ್ ರಿಪೇರಿಯವನನ್ನು ಊರಿಗೆ ಕರೆದುಕೊಂಡು ಬಂದು, ಮೊದಲು ಯಂತ್ರವನ್ನು ಪೂರ್ತಿ ಒರೆಸಿ ಹೊಸದಾಗಿ ಕಟ್ಟಿಸಿದಳು. ಅವನು ಡಬ್ಬಿ ನೋಡಿ, “ವೈರಸ್ ಬಿದ್ದ ಕಡೆ ಹೋದ್ರೆ ಜನ ಅಳ್ತಾ ಕೂತಿರ್ತಾರೆ ಆಂಟಿ. ನೀವು ತಿಂಡಿ ಡಬ್ಬಿ ಹಿಡ್ಕೊಂಡು ಬಂದಿದೀರ,” ಅಂದ. ಅಧ್ಯಕ್ಷರು ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು.

ಡಿಸ್ಕ್ ಸಿಕ್ಕಿಸಿದರು. ಬುನಿಮ್ ಗನ್ನನ್ ಅಜ್ಜಿಯ ಪುಟಕ್ಕೆ ಹೋದಳು. ಇಪ್ಪತ್ತಾರನೆಯ ತಲೆ, ಮಗಳು, ಗನ್ನನ್, ಬುಸಾನ್. ಎಳ್ಳೆಣ್ಣೆ ವಾಸನೆಯ ಡಿಸ್ಕಿನಿಂದ ಹದಿನಾಲ್ಕು ಸಾವಿರ ಜನ ಒಬ್ಬರೂ ತಪ್ಪದೆ ಎದ್ದು ಬಂದರು. ಹೋದದ್ದು ಐದು ದಿನದ ಕೆಲಸ ಮಾತ್ರ, ಅದೂ ಆ ವಾರದ ಫೋನ್ ಮಾತುಗಳನ್ನು ಗೀಚಿಕೊಂಡಿದ್ದ ನೋಟ್‌ಬುಕ್ಕಿನಲ್ಲಿತ್ತು. ಎರಡು ದಿನ ಕೂತು ಹೊಡೆದು ಮುಗಿಸಿದಳು. ಹೆಮ್ಮೆಯಾಗಿತ್ತು ಅವಳಿಗೆ. ಮುಚ್ಚಿಡುವ ಹೆಮ್ಮೆಯೂ ಅಲ್ಲ. ಮಲ್ಸುಕ್‌ಗೆ ಫೋನ್ ಮಾಡಿ, “ನಿನ್ನ ಅಂಗಡಿ ಈಗ ಬೆಟ್ಟದ ಭಂಡಾರ ಕಣೆ,” ಎಂದು ಜೋರಾಗಿ ನಕ್ಕಳು.

ಹತ್ತನೇ ತಿಂಗಳ ಪೂಜೆಗೆ ಪುಸ್ತಕ ಬಂತು, ಒಟ್ಟು ಆರು ಸಂಪುಟ. ಆ ಸಲ ಅಂಗಳದಲ್ಲಿ ಎಂದೂ ಕಾಣದಷ್ಟು ಹೆಂಗಸರು ನೆರೆದಿದ್ದರು. ಬುಸಾನಿನಿಂದ ಗನ್ನನ್ ಅಜ್ಜಿಯ ಮಗಳು ಬಂದು, ತಾಯಿಯ ಹೆಸರಿನ ಮೇಲೆ ಬೆರಳಿಟ್ಟು ಅಲ್ಲೇ ಕೂತುಬಿಟ್ಟಿದ್ದಳು. ಮಲ್ಸುಕ್ ತನ್ನ ಹೆಸರನ್ನು ಎಣ್ಣೆ ಅಂಗಡಿಯ ಗಿರಾಕಿಗಳಿಗೆಲ್ಲ ತೋರಿಸುತ್ತೇನೆಂದು ಫೋಟೊ ಹೊಡೆದುಕೊಳ್ಳುತ್ತಿದ್ದಳು.

ಪೂಜೆ ಮುಗಿದ ಮೇಲೆ ಬುನಿಮ್ ಅಧ್ಯಕ್ಷರ ಹತ್ತಿರ ಹೋದಳು. ಅವರ ಮುಂದೆ ನಾಲ್ಕನೆಯ ಸಂಪುಟ ತೆರೆದೇ ಇತ್ತು, ಅವಳ ಅಪ್ಪನ, ಈಗ ಅವಳ ಹೆಸರೂ ಇರುವ ಪುಟ. ಅವಳು ಅದನ್ನು ನೋಡಿಯೂ ನೋಡದವಳ ಹಾಗೆ ಕೈಚೀಲದಿಂದ ಹೊಸ ತಗಡಿನ ಡಬ್ಬಿಯೊಂದನ್ನು ತೆಗೆದಳು.

“ಇದು ನಾಲ್ಕನೇ ಡಿಸ್ಕು, ಅಧ್ಯಕ್ಷರೆ. ಇದು ನಿಮ್ಮ ಮನೇಲಿರ್ಲಿ. ಸಂತೆ ದಿನ ಬೆಳಿಗ್ಗೆ ತಂದುಕೊಡ್ಬೇಕು. ಮರೀಬಾರ್ದು.”

ಜೇಗ್ಯು ಹೆಂಡದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮಂಡಿ ಊರಿ ಎದ್ದು ನಿಂತರು. ಅಂಗಿಯ ಕೊರಳ ಗುಂಡಿ ಹಾಕಿಕೊಂಡರು. ಹಿರಿಯರ ಕೈಯಿಂದ ತೆಗೆದುಕೊಳ್ಳುವ ರೀತಿಯಲ್ಲಿ, ತಲೆ ಬಾಗಿಸಿ, ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡರು.

“ಮರೆಯಲ್ಲ, ಅತ್ತೆ,” ಅಂದರು.