ಬಾಯಿ ನೋಡುವ ಪಾಲಮ್ಮ

ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ ಪಾಲಮ್ಮನನ್ನು ಕಂಡರೆ ಕಂಡಕ್ಟರ್ ಕೂಡ ತುಟಿ ಬಿಗಿದುಕೊಂಡೇ ಟಿಕೆಟ್ ಕೊಡುತ್ತಿದ್ದ. ಬಾಯಿ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಹೊಸ ತರಬೇತಿ ಪಡೆದು ಬಂದಾಗಿನಿಂದ ಆಕೆ ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಿಕ್ಕಸಿಕ್ಕವರ ಮುಖಕ್ಕೆ ಬ್ಯಾಟರಿ ಬಿಟ್ಟು, "ಆ ಅನ್ರಿ, ಬಿಳಿ ಮಚ್ಚೆ ಐತೇನೋ ನೋಡ್ತೀನಿ" ಎನ್ನುತ್ತಿದ್ದಳು. ಶೇಂಗಾ ಬಿಡಿಸುವ ಹೆಂಗಸರಿಂದ ಹೊಗೆಸೊಪ್ಪು ಉಗುಳಿಸಿ, "ಈಗ್ಲೇ ಬಂದ್ರೆ ವಾಸಿಯಾಗ್ತೈತೆ" ಎಂದು ಗದರುತ್ತಿದ್ದಳು. ಹಾಗೆ ಹನ್ನೊಂದು ಜನರನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದು ಉಳಿಸಿದ್ದಳು. ಮನೆಯಲ್ಲಿ ಹೆತ್ತವ್ವ ದುರುಗಕ್ಕ ಒಂದೇ ದವಡೆಯಲ್ಲಿ ಅಗಿಯತೊಡಗಿ ವರ್ಷವಾಗಿದ್ದರೂ, ಏನು ಕಾಣುತ್ತದೋ ಎಂಬ ಭಯಕ್ಕೆ ಪಾಲಮ್ಮ ಅವಳ ಬಾಯಿಯನ್ನು ಮಾತ್ರ ನೋಡಿರಲಿಲ್ಲ. ದುರುಗಕ್ಕನಿಗೆ ಗಂಜಿಯೂ ಇಳಿಯದಾದ ದಿನ, "ಬಾಯಿ ತೆಗಿಯವ್ವ" ಎಂದಳು. ಹುಣ್ಣು ಕೆನ್ನೆಯನ್ನೇ ತಿಂದುಹಾಕಿತ್ತು. "ನೀನಾಗೇ ಕೇಳ್ತೀಯ ಅಂತ ಕಾಯ್ತಿದ್ದೆ ಕಣವ್ವ" ಎಂದಳು ದುರುಗಕ್ಕ.