ಒಂದೆರಡು ಕಡೆ ಭಾರಿ ಮಳೆ

ಅಕ್ಕ ಹೋದದ್ದು ನಮ್ಮೂರ ಕೆರೆ ಕೋಡಿ ಹರಿದ ವರ್ಷ. ಮುಳಬಾಗಿಲಿನ ಕಡೆ ಕೆರೆ ತುಂಬಿ ಹೊರಚೆಲ್ಲುವುದೆಂದರೆ ಹಬ್ಬ. ಊರವರೆಲ್ಲ ನೋಡಲು ಹೋಗಿದ್ದರು. ಅಕ್ಕ ಕಾಲು ನೆನೆಸಲೆಂದು ಕೋಡಿಯ ಕಲ್ಲಿನ ಮೇಲೆ ಇಳಿದಳಂತೆ. ಆಮೇಲೆ ನಾವು ಊರು ಬಿಟ್ಟು ಮುಳಬಾಗಿಲಿಗೆ ಬಂದೆವು.

ಮುಂದೆ ಮಳೆಯಿಲ್ಲದೆ ಸೀಮೆಯೆಲ್ಲ ಆಕಾಶ ನೋಡುತ್ತಿದ್ದ ವರ್ಷಗಳಲ್ಲಿ ಅಮ್ಮನೊಬ್ಬಳೇ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಅದನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರ ಇಂಟರ್‌ನೆಟ್ ಸೆಂಟರ್ ಬಂದಾಗ ನಾನು ಪರೀಕ್ಷೆಯ ಫಲಿತಾಂಶ ನೋಡಲು ಹೋಗುತ್ತಿದ್ದೆ. ಅಲ್ಲಿ ಒಮ್ಮೆ ಸರ್ಕಾರದ ಹವಾಮಾನದ ಪುಟ ಕಂಡಿತು. ಮನೆಗೆ ಬಂದು ಹೇಳಿದ್ದೇ ತಪ್ಪಾಯಿತೇನೋ, ಮಳೆಗಾಲ ಪೂರ್ತಿ ಅಮ್ಮ ಸಂಜೆಯಾದರೆ ನನ್ನನ್ನು ಅಲ್ಲಿಗೆ ಅಟ್ಟತೊಡಗಿದಳು.

"ಏನಂತೆ ಇವತ್ತು?"

"ದಕ್ಷಿಣ ಒಳನಾಡಿನ ಒಂದೆರಡು ಕಡೆ ಭಾರಿ ಮಳೆ ಅಂತ ಹಾಕವ್ರೆ."

"ಒಂದೆರಡು ಕಡೆ ಅಂದ್ರೆ ಯಾವೂರು?"

"ಊರಿನ ಹೆಸರು ಹಾಕಲ್ಲಮ್ಮ."

"ಹಂಗಾದ್ರೆ ನಮ್ದೇ," ಎನ್ನುತ್ತಿದ್ದಳು ಅಮ್ಮ. ಅಂಥ ದಿನ ಮಾಲೂರಿನ ಚಿಕ್ಕಮ್ಮನ ಮನೆಗೆ ಹೊರಟುಬಿಡುತ್ತಿದ್ದಳು, ಕೆರೆಯಿಂದ ಆದಷ್ಟು ದೂರ.

ಒಂದು ಹಿಂಗಾರಿನಲ್ಲಿ ಆ ಪುಟದ ಮೋಡದ ಚಿತ್ರದಲ್ಲಿ ನಮ್ಮ ಸೀಮೆಯೇ ಕಾಣಲಿಲ್ಲ, ಎಲ್ಲ ಬಿಳಿ. ಅಮ್ಮನ ಜೊತೆ ನಾನೂ ಮಾಲೂರಿನ ಬಸ್ಸು ಹತ್ತಿದೆ. ಅಲ್ಲಿಯೂ ಮಳೆ ಹೊಯ್ದಿತು. ಚಿಕ್ಕಮ್ಮ ಕಿಟಕಿಗಳನ್ನು ಹಾಕಿ, ಸಂದಿಗೆ ಬಟ್ಟೆ ತುರುಕಿದಳು. ಬೆಳಗಾಗುವ ಹೊತ್ತಿಗೆ ಮಳೆ ನಿಂತಿತ್ತು. ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು.

"ಕೇಳ್ತಿದ್ಯಾ?"

"ಮಳೆ ನಿಂತೋಯ್ತಮ್ಮ."

"ಮಳೆ ಅಲ್ಲ ಕಣೇ. ಕೋಡಿ."

ನಾನು ಕಿವಿಗೊಟ್ಟೆ. ಅಷ್ಟು ದೂರದ ನೀರು ಕೇಳಿಸುವುದು ಸಾಧ್ಯವೇ ಇಲ್ಲ. ಆದರೂ ಏನೋ ಒಂದು ಒಂದೇ ಸಮನೆ ಧುಮುಕುತ್ತಿತ್ತು. ಕಾಫಿಯ ಹೊತ್ತಿಗೆ ಊರಿನಿಂದ ದೊಡ್ಡಪ್ಪ ಫೋನ್ ಮಾಡಿದರು. ನಸುಕಿನಲ್ಲಿ ಕೆರೆ ಕೋಡಿ ಹರಿದಿತ್ತು.

ಅಮ್ಮ ಸೀರೆ ಬದಲಿಸಿ ಬಂದಳು. "ನನ್ನ ಊರಿಗೆ ಕರ್ಕೊಂಡ್ ಹೋಗು. ಅವ್ಳು ಒಬ್ಳೇ ಅವ್ಳೆ ಅಲ್ಲಿ."

ಊರು ಮುಟ್ಟುವಾಗ ಮಧ್ಯಾಹ್ನ. ಹೆಂಗಸರು ಕೆರೆಗೆ ಅರಿಶಿನ, ಕುಂಕುಮ, ಹೂವು ಬಿಡುತ್ತಿದ್ದರು. ಅಮ್ಮನ ಗುರುತು ಹಿಡಿದವರು ದಾರಿ ಬಿಟ್ಟರು. ನಾನು ಅವಳ ಸೆರಗು ಬಿಗಿಯಾಗಿ ಹಿಡಿದುಕೊಂಡೆ. ಅವಳು ನೀರಿಗೆ ಇಳಿಯಲಿಲ್ಲ. ಅಂಚಿನಲ್ಲಿ ನಿಂತು, ತನ್ನ ತವರಿನ ಮಾತಾದ ತೆಲುಗಿನಲ್ಲಿ, ಊಟಕ್ಕೆ ಕರೆಯುವ ದನಿಯಲ್ಲಿ ಕರೆದಳು: "ರಾ ತಲ್ಲೀ."

ಬಾ ಮಗಳೇ ಎಂದಷ್ಟೇ. ನೀರು ಹರಿಯುತ್ತಲೇ ಇತ್ತು. ನಾವಿಬ್ಬರೂ ಬಹಳ ಹೊತ್ತು ಉತ್ತರಕ್ಕೆ ಕಾದೆವು.