ಗೂಳಿಯ ಮುಂದಿನ ಹಲ್ಲು

ಅವನನ್ನು ಎಲ್ಲರೂ ಗೂಳಿ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡ ಒಡೆಯುವುದು ಅವನ ಕೆಲಸ. ಹಗಲೆಲ್ಲ ಸುತ್ತಿಗೆ ಬೀಸಿ ಗೋಡೆ ಕೆಡವುತ್ತಿದ್ದ. ಸಂಜೆ ಯಾರಾದರೂ ಕೆಣಕಿದರೆ ಅವರನ್ನೂ ಕೆಡವುತ್ತಿದ್ದ. ಕೈ ಮೊದಲು, ಮಾತು ಆಮೇಲೆ. ಕೂಲಿ ತಿಂದುಹಾಕಿದ ಮೇಸ್ತ್ರಿಯ ಪಕ್ಕೆಲುಬು ಮುರಿದು ಜೈಲು ಕಂಡು ಬಂದ. ಹೆಂಡತಿಯ ಮೇಲೆ ಒಂದೇ ಸಲ ಕೈ ಎತ್ತಿದ. ಅವಳು ಕಾದ ಸೌಟನ್ನು ಅವನ ತೋಳಿಗೆ ಒತ್ತಿದಳು. ಆ ಕಲೆ ಹೋಗಲಿಲ್ಲ. ಕೈ ಮತ್ತೆ ಏಳಲಿಲ್ಲ.

ಒಬ್ಬಳೇ ಮಗಳು. ಅಪ್ಪನ ಕೈ ಅವಳಿಗೆ ಬಂದಿತ್ತು. ಚಿಕ್ಕವಳಿದ್ದಾಗಲೇ ಬೀದಿಯ ಹುಡುಗನೊಬ್ಬನ ತುಟಿ ಸೀಳಿದಳು. ಗೂಳಿ ಬೈಯಲಿಲ್ಲ. "ಹೊಡೆಯೋದೇ ಆದ್ರೆ ಬಹುಮಾನ ಬರೋ ಹಾಗೆ ಹೊಡಿ" ಎಂದು ಬಾಕ್ಸಿಂಗ್ ಕಲಿಸುವವರ ಹತ್ತಿರ ಬಿಟ್ಟ. ಬಹುಮಾನ ಬಂತು. ಹಿಂದೆಯೇ ಎರಡು ಶಾಲೆಗಳು ಕರೆದವು.

ಸೇತುವೆ ಪಕ್ಕದ ಶಾಲೆ ಪೂರ್ತಿ ಫೀ ಬಿಡುತ್ತೇವೆ ಎಂದಿತು. ಆದರೆ ಅಲ್ಲಿ ರಿಂಗ್ ಇಲ್ಲ, ಕಲಿಸುವವರಿಲ್ಲ. ಗುಡ್ಡದ ಮೇಲಿನ ಶಾಲೆಯಲ್ಲಿ ಎರಡೂ ಇದ್ದವು, ಫೀ ಮಾತ್ರ ಅರ್ಧ ಬಿಡುತ್ತಿದ್ದರು. ಉಳಿದರ್ಧ ಕಟ್ಟುವ ತಾಕತ್ತು ಗೂಳಿಗೆ ಇರಲಿಲ್ಲ. ಗುಡ್ಡದವರು ಒಪ್ಪದಿದ್ದರೆ ಮಗಳ ಬಾಕ್ಸಿಂಗ್ ಅಲ್ಲಿಗೆ ಮುಗಿದಂತೆ.

"ಮಾತಾಡಿ ಬನ್ನಿ. ಅಲ್ಲಿ ಕೈ ಎತ್ತಿದ್ರೆ ಸೀಟು ಹೋಯ್ತು ಅಂತ ತಿಳ್ಕೊಳ್ಳಿ. ಕೈ ಜೇಬಲ್ಲಿ ಇಟ್ಕೊಂಡಿರಿ" ಎಂದಳು ಹೆಂಡತಿ.

ಅವನು ಹಾಗೇ ಮಾಡಿದ. ಎರಡೂ ಕೈ ಜೇಬಿನಲ್ಲಿ ತುರುಕಿ, ಹೆಡ್ ಮೇಡಂ ಮೇಜಿನ ಮುಂದೆ ನಿಂತ. ಪಕ್ಕದಲ್ಲಿ ಮಗಳು. ಒಂದು ಕಡೆ ಗುಮಾಸ್ತ, ಕಿಟಕಿ ಹತ್ತಿರ ಬಾಕ್ಸಿಂಗ್ ಮೇಷ್ಟ್ರು.

"ಅವರು ಪೂರ್ತಿ ಬಿಡ್ತಾರಂತೆ ಮೇಡಂ. ನೀವು ಯಾಕೆ ಅರ್ಧಕ್ಕೇ ನಿಂತ್ರಿ?"

ಮೇಡಂ ಮೇಷ್ಟ್ರ ಮುಖ ನೋಡಿದರು.

"ಹುಡುಗಿ ಎಡಗೈ ಬೆಂಕಿ. ಬಲಗೈ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅರ್ಧ ಕೈಗೆ ಅರ್ಧ ಫೀ" ಎಂದರು ಮೇಷ್ಟ್ರು. ಗುಮಾಸ್ತ ಕಿಸಕ್ಕನೆ ನಕ್ಕ.

ಒಡೆದ ಮನೆಗಳ ಬಾಗಿಲು, ಕಿಟಕಿ ಗೂಳಿಯೇ ಗುಜರಿಯಲ್ಲಿ ಮಾರುತ್ತಿದ್ದ. ಅಲ್ಲಿನ ವ್ಯಾಪಾರ ಅವನಿಗೆ ಗೊತ್ತಿತ್ತು. ರೇಟು ಗಿಟ್ಟದಿದ್ದರೆ ಮಾಲು ಹೆಗಲಿಗೇರಿಸಿ ಹೊರಡಬೇಕು. ತಿರುವು ದಾಟುವುದರೊಳಗೆ ಗುಜರಿಯವನು ಶಿಳ್ಳೆ ಹಾಕಿ ಕರೆದೇ ಕರೆಯುತ್ತಾನೆ.

"ಹಾಗಾದ್ರೆ ನಮಸ್ಕಾರ. ಸೇತುವೆ ಹತ್ರದ ಶಾಲೆಗೇ ಹೋಗ್ತೀವಿ" ಎಂದು ಹೊರಟ.

ಮೆಲ್ಲಗೆ ನಡೆದ. ಯಾರೂ ಕರೆಯಲಿಲ್ಲ. ಬಾಗಿಲ ಹೊರಗೆ ಬಗ್ಗಿ, ಬಿಚ್ಚದ ಚಪ್ಪಲಿ ಪಟ್ಟಿಯನ್ನು ಸರಿಮಾಡಿದ. ಒಳಗಿಂದ ಗುಮಾಸ್ತನ ದನಿ ಬಂತು: "ಮುಂದಿನವರು ಬನ್ನಿ!"

"ಅಪ್ಪ, ಇದು ಗುಜರಿ ಅಲ್ಲ" ಎಂದಳು ಮಗಳು. ಅವಳ ಕಣ್ಣು ತುಂಬಿತ್ತು.

ಗೂಳಿ ಮರ್ಯಾದೆ ನುಂಗಿಕೊಂಡು ತಿರುಗಿ ಒಳಗೆ ಹೋದ. ಮಗಳೂ ಹಿಂದೆಯೇ ಬಂದಳು. ಗುಮಾಸ್ತ ಹಲ್ಲು ಕಿರಿದ. "ಏನ್ರೀ, ದಾರಿ ತಪ್ತಾ? ಸೇತುವೆ ಆ ಕಡೆ."

ಜೇಬಿನಿಂದ ಕೈ ಹೊರಬಂತು. ಗುಮಾಸ್ತನ ಕತ್ತಿನ ಪಟ್ಟಿ ಹಿಡಿದು ಕುರ್ಚಿಯಿಂದ ಎತ್ತಿದ. ಇನ್ನೊಂದು ಕೈ ಮುಷ್ಟಿಯಾಗಿ ಹಿಂದೆ ಸರಿಯಿತು. ಆ ಏಟು ಬಿದ್ದಿದ್ದರೆ ಗುಮಾಸ್ತ ಉಳಿಯುತ್ತಿರಲಿಲ್ಲ, ಸೀಟೂ ಉಳಿಯುತ್ತಿರಲಿಲ್ಲ.

ಮಗಳು ಮಧ್ಯೆ ನುಗ್ಗಿ ಅಪ್ಪನ ಬಾಯಿಗೆ ಒಂದು ಬಿಟ್ಟಳು. ಬಲಗೈಯಿಂದ.

ಗೋಡೆ ಕೆಡವುವವನು ಗೋಡೆಯ ಹಾಗೇ ಬಿದ್ದ. ಬಾಯಿ ತುಂಬ ರಕ್ತ. ಮುಂದಿನ ಹಲ್ಲು ಉರುಳಿ ಮೇಜಿನ ಕೆಳಗೆ ಹೋಯಿತು.

"ಹೊರಗೆ ಹೋಗಿ! ಇಬ್ಬರೂ ಹೋಗಿ! ಹೆತ್ತ ಅಪ್ಪನಿಗೆ ಹೊಡೆಯೋಳಾ ನೀನು?" ಎಂದು ಮೇಡಂ ಕಿರುಚಿದರು.

"ನಾನು ಹೊಡೀದಿದ್ರೆ ಅಪ್ಪ ಅವರನ್ನ ಕೊಂದೇಬಿಡ್ತಿದ್ರು ಮೇಡಂ."

"ನಿಜ ಮೇಡಂ" ಎಂದ ಗುಮಾಸ್ತ, ಮೇಜಿನ ಹಿಂದಿನಿಂದ. "ಸೀಟು ಕೊಟ್ಬಿಡಿ."

ಮೇಷ್ಟ್ರು ಹುಡುಗಿಯ ಬಲಗೈ ಹಿಡಿದು ನೋಡುತ್ತಿದ್ದರು. ಗೆಣ್ಣು ಸೀಳಿತ್ತು. "ಇವಳನ್ನ ಬಿಟ್ರೆ ನಾನೂ ಬಿಡ್ತೀನಿ ಮೇಡಂ" ಎಂದರು.

ಮೇಡಂ ನೀರು ಕುಡಿದು ಕೂತರು. ಕೊನೆಗೆ ಹೇಳಿದರು: "ಫೀ ಪೂರ್ತಿ ಬಿಡ್ತೀವಿ. ಆದ್ರೆ ಈ ಮನುಷ್ಯ ಇನ್ನು ನಮ್ಮ ಗೇಟಿನೊಳಗೆ ಕಾಲಿಡಬಾರದು."

ನೆಲದ ಮೇಲಿಂದ ಗೂಳಿ ಕೇಳಿದ: "ಹಾಸ್ಟೆಲ್ ಊಟ?"

"ಅದೂ ಸೇರಿ. ಎದ್ದು ಹೋಗಿ!"

ಅವನು ಮಾತು ಉಳಿಸಿಕೊಂಡ. ರಜೆಯ ದಿನ ಗುಡ್ಡ ಹತ್ತಿ, ಕಾಂಪೌಂಡ್ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಒಳಗೆ ಮರಳುಚೀಲಕ್ಕೆ ಬೀಳುವ ಏಟಿನ ಸದ್ದು ಕೇಳುತ್ತಿದ್ದ. "ಈ ಏಟು ನಮ್ದು" ಎಂದು ವಾಚ್‌ಮನ್‌ಗೆ ಹೇಳುತ್ತಿದ್ದ. ಮಗಳು ಆಡಿದ್ದನ್ನು ಆ ಗೋಡೆಯೊಳಗೆ ಅವನು ಒಮ್ಮೆಯೂ ನೋಡಲಿಲ್ಲ.

ಅವಳ ಶಾಲೆ ಮುಗಿಯುವ ಮೊದಲೇ ಹಳೆಯ ಗೋದಾಮೊಂದರ ಗೋಡೆ ತಪ್ಪಾದ ಕಡೆಗೆ ಬಿತ್ತು. ಕೆಳಗೆ ಗೂಳಿ ಮತ್ತು ಇನ್ನೂ ಮೂರು ಜನ ಇದ್ದರು. ಎಳೆದು ತೆಗೆದಾಗ ಯಾರ ಮುಖವೂ ಮುಖವಾಗಿ ಉಳಿದಿರಲಿಲ್ಲ. ತೋಳು, ಕಾಲು ಜಜ್ಜಿಹೋಗಿದ್ದವು. ಸೌಟಿನ ಕಲೆ ಹುಡುಕಲು ಚರ್ಮವೇ ಇರಲಿಲ್ಲ.

ಹೆಂಡತಿ ಒಬ್ಬೊಬ್ಬರ ತುಟಿ ಎತ್ತಿ ನೋಡಿದಳು. ಮೂರನೆಯವರ ಹತ್ತಿರ ಕೈ ನಿಂತಿತು. ಮುಂದಿನ ಹಲ್ಲಿನ ಜಾಗ ಖಾಲಿ.

"ಇವರೇ" ಎಂದಳು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. "ಅದು ನಾನು ಹೊಡೆದದ್ದಮ್ಮ."

"ಹೌದು. ಅದಕ್ಕೇ ಸಿಕ್ಕಿದ್ರು."